ಯುದ್ಧದ ನ್ಯಾಯ, ಕರೆಯ ನ್ಯಾಯ: ಆಕ್ರಮಣಕ್ಕೊಳಗಾದ ಉಕ್ರೇನಿನಲ್ಲಿ ಜನಬೆಂಬಲ ಮತ್ತು ಕಡ್ಡಾಯ ಸೇನಾಸೇವೆ

ನೈತಿಕ ದೈವಶಾಸ್ತ್ರದ ತರಗತಿಯಲ್ಲಿ ನ್ಯಾಯಯುತ ಯುದ್ಧದ ಪಾಠವನ್ನು ನಾನು ಹಲವು ವರ್ಷಗಳಿಂದ ಬೋಧಿಸುತ್ತ ಬಂದಿದ್ದೇನೆ. ಸಂತ ಅಗಸ್ಟೀನರಿಂದ ಆರಂಭಿಸಿ, ಸಂತ ತೋಮಸ್ ಅಕ್ವಿನಾಸರ ಮೂರು ನಿಬಂಧನೆಗಳನ್ನು ವಿವರಿಸಿ, ಎರಡನೆಯ ವ್ಯಾಟಿಕನ್ ಮಹಾಸಭೆಗೆ ಬಂದು ಮುಗಿಸುವ ಪಾಠವದು. ಒಮ್ಮೆ ಪಾಠ ಮುಗಿದಾಗ ಗುರುಅಭ್ಯರ್ಥಿಯೊಬ್ಬ ಎದ್ದುನಿಂತು ಕೇಳಿದ: "ಫಾದರ್, ಉಕ್ರೇನಿನ ರಕ್ಷಣಾಯುದ್ಧ ನ್ಯಾಯವಾದುದೆಂದೇ ಇಟ್ಟುಕೊಳ್ಳೋಣ. ಅಲ್ಲಿ ನನ್ನ ಅಣ್ಣನ ವಯಸ್ಸಿನವನೊಬ್ಬ ಸೇನೆಯ ಕರೆಗೆ ಓಗೊಡದೆ ಅಡಗಿ ಕುಳಿತರೆ ಅದು ಪಾಪವೇ? ಅವನು ಪಾಪನಿವೇದನೆಗೆ ಬಂದರೆ ಗುರುವಾದವನು ಏನು ಹೇಳಬೇಕು?" ನಾನು ಯುದ್ಧದ ನಿಬಂಧನೆಗಳನ್ನು ಮತ್ತೊಮ್ಮೆ ವಿವರಿಸಿದೆ. ಅದು ಅವನ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಅದು ಅವನಿಗೂ ತಿಳಿಯಿತು, ನನಗೂ ತಿಳಿಯಿತು. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರ.

ಭಾರತದಲ್ಲಿ ಕಡ್ಡಾಯ ಸೇನಾಸೇವೆಯಿಲ್ಲ. ನಮ್ಮ ಸೇನೆಗೆ ಸೇರುವವರು ಸ್ವಇಚ್ಛೆಯಿಂದ ಸೇರುತ್ತಾರೆ. ಆದುದರಿಂದ ಈ ಪ್ರಶ್ನೆ ನಮಗೆ ದೂರದ್ದೆಂದು ತೋರಬಹುದು. ಆದರೆ ಆ ಯುದ್ಧ ನಮ್ಮ ನಾಡನ್ನು ಮುಟ್ಟದೆ ಹೋಗಿಲ್ಲ. 2022ರ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ಹಾವೇರಿ ಜಿಲ್ಲೆಯವನು. ಕೆಲಸದ ಆಸೆ ತೋರಿಸಿದವರನ್ನು ನಂಬಿ ರಷ್ಯಾಕ್ಕೆ ಹೋಗಿ, ಅಲ್ಲಿಯ ಸೇನೆಯ ಪಾಲಾಗಿ, 2024ರಲ್ಲಿ ಊರಿಗೆ ಮರಳಿದವರಲ್ಲಿ ಕಲಬುರಗಿ ಜಿಲ್ಲೆಯ ಯುವಕರೂ ಇದ್ದರು. ಅದಕ್ಕಿಂತ ಮುಖ್ಯವಾದ ಕಾರಣವೊಂದಿದೆ. ಯುದ್ಧದ ಕುರಿತು ಧರ್ಮಪೀಠದಿಂದ ಮಾತನಾಡುವುದು ಸುಲಭ. ಯುದ್ಧಕ್ಕೆ ಕರೆಯಲ್ಪಟ್ಟವನೊಡನೆ ಮಾತನಾಡುವುದು ಕಷ್ಟ. ಗುರುಗಳಾಗಲಿರುವವರು ಈ ಎರಡರ ನಡುವಿನ ಅಂತರವನ್ನು ಅರಿಯಬೇಕು.

1. ನಡೆದುದೇನು?

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ಆಕ್ರಮಣ ನಡೆಸಿತು. ಅಂದೇ ಉಕ್ರೇನ್ ಸೇನಾಡಳಿತವನ್ನೂ ಸಾರ್ವತ್ರಿಕ ಸೇನಾ ಜಮಾವಣೆಯನ್ನೂ ಘೋಷಿಸಿತು. 18ರಿಂದ 60 ವರ್ಷದೊಳಗಿನ ಪುರುಷರು ಕೆಲವು ವಿನಾಯಿತಿಗಳ ಹೊರತು ದೇಶ ಬಿಟ್ಟು ಹೋಗುವಂತಿಲ್ಲವೆಂದು ಆಜ್ಞೆಯಾಯಿತು. ಮೊದಲ ವಾರಗಳಲ್ಲಿ ಆಜ್ಞೆಯ ಅಗತ್ಯವೇ ಕಾಣಲಿಲ್ಲ. ಸೇನಾ ಭರ್ತಿ ಕೇಂದ್ರಗಳ ಮುಂದೆ ಜನರು ಸಾಲುಗಟ್ಟಿ ನಿಂತರು. ಬಂದೂಕು ಹಿಡಿದು ಅಭ್ಯಾಸವಿಲ್ಲದ ಅಧ್ಯಾಪಕರು, ಚಾಲಕರು, ಅಂಗಡಿಯವರು ತಾವಾಗಿಯೇ ಹೆಸರು ಬರೆಸಿದರು.

ಕಾಲ ಕಳೆದಂತೆ ಆ ಸಾಲು ಕರಗಿತು. ಸ್ವಇಚ್ಛೆಯಿಂದ ಹೋದವರಲ್ಲಿ ಅನೇಕರು ಸತ್ತರು, ಗಾಯಗೊಂಡರು. ಉಳಿದವರು ಹಿಂದಿರುಗುವ ದಿನಾಂಕವಿಲ್ಲದೆ ರಣರಂಗದಲ್ಲಿಯೇ ಉಳಿದರು. 2024ರ ಏಪ್ರಿಲ್‌ನಲ್ಲಿ ಸೇನೆಗೆ ಕರೆಯಬಹುದಾದ ಕನಿಷ್ಠ ವಯಸ್ಸನ್ನು 27ರಿಂದ 25ಕ್ಕೆ ಇಳಿಸಲಾಯಿತು. ಮೇ 18ರಿಂದ ಜಾರಿಗೆ ಬಂದ ಹೊಸ ಕಾನೂನಿನಂತೆ, ಕರೆಗೆ ಒಳಪಡುವ ಪುರುಷರೆಲ್ಲರೂ 60 ದಿನಗಳೊಳಗೆ ತಮ್ಮ ವಿವರಗಳನ್ನು ಸರ್ಕಾರಕ್ಕೆ ಸಲ್ಲಿಸಬೇಕಾಯಿತು. 36 ತಿಂಗಳು ಸೇವೆ ಮಾಡಿದವರನ್ನು ಬಿಡುಗಡೆ ಮಾಡಬೇಕೆಂಬ ನಿಯಮ ಕರಡಿನಲ್ಲಿತ್ತು. ಅಂಗೀಕಾರದ ಹೊತ್ತಿಗೆ ಅದನ್ನು ಕೈಬಿಡಲಾಯಿತು. ಹೊಸಬರನ್ನು ಕರೆಯುವ ನಿಯಮ ಬಿಗಿಯಾದ ದಿನವೇ ಹಳಬರನ್ನು ಮನೆಗೆ ಕಳುಹಿಸುವ ಭರವಸೆ ಇಲ್ಲವಾಯಿತು. ರಣರಂಗದಲ್ಲಿದ್ದವರ ಹೆಂಡಂದಿರಿಗೆ, ತಾಯಂದಿರಿಗೆ ಇದು ತೀವ್ರ ನೋವನ್ನುಂಟುಮಾಡಿತು.

ಯುದ್ಧದಲ್ಲಿರುವ ದೇಶ ತನ್ನ ಕಿರಿಯರನ್ನೇಕೆ ಮೊದಲು ಕರೆಯಲಿಲ್ಲವೆಂದು ಓದುಗರು ಆಶ್ಚರ್ಯಪಡಬಹುದು. 1990ರ ದಶಕದಲ್ಲಿ ಮತ್ತು ಅದರ ನಂತರದ ಕೆಲವು ವರ್ಷಗಳಲ್ಲಿ ಉಕ್ರೇನಿನ ಜನನ ಪ್ರಮಾಣ ತೀವ್ರವಾಗಿ ಕುಸಿದಿತ್ತು. ಇಪ್ಪತ್ತರ ಆಸುಪಾಸಿನ ಆ ಚಿಕ್ಕ ಪೀಳಿಗೆಯೇ ನಾಳಿನ ತಂದೆತಾಯಿಯರ ಪೀಳಿಗೆ. ಅದನ್ನೂ ಕಳೆದುಕೊಂಡರೆ ಗೆದ್ದ ದೇಶದಲ್ಲಿ ಬಾಳುವವರು ಯಾರೆಂಬುದು ಅಲ್ಲಿಯ ಅಳಲು. ಹೀಗಾಗಿ ಆ ಸೇನೆಯ ಸೈನಿಕನ ಸರಾಸರಿ ವಯಸ್ಸು ನಲವತ್ತರ ಆಸುಪಾಸಿನಲ್ಲಿದೆ. 2025ರ ಆಗಸ್ಟ್‌ನಲ್ಲಿ 18ರಿಂದ 22 ವರ್ಷದ ಯುವಕರಿಗೆ ದೇಶದಿಂದ ಹೊರಹೋಗಲು ಅನುಮತಿಯನ್ನೂ ನೀಡಲಾಯಿತು.

ಕರೆಯ ರೀತಿಯೂ ಜನರ ಮನಸ್ಸನ್ನು ಕದಡಿತು. ಭರ್ತಿ ಅಧಿಕಾರಿಗಳು ಬೀದಿಯಲ್ಲಿ ಪುರುಷರನ್ನು ತಡೆದು ಸಣ್ಣ ವ್ಯಾನುಗಳಿಗೆ ಬಲವಂತವಾಗಿ ಹತ್ತಿಸುವ ದೃಶ್ಯಗಳು ಹರಡಿದವು. ಅಂತಹ ವ್ಯಾನಿನ ಹೆಸರಿನಿಂದಲೇ 'ಬುಸಿಫಿಕಾತ್ಸಿಯಾ' ಎಂಬ ಹೊಸ ಪದ ಹುಟ್ಟಿತು. ಇನ್ನೊಂದೆಡೆ ಹಣವಿದ್ದವರು ಸುಳ್ಳು ವೈದ್ಯಕೀಯ ಪತ್ರಗಳನ್ನು ಕೊಂಡರು. 2023ರ ಆಗಸ್ಟ್‌ನಲ್ಲಿ ಅಧ್ಯಕ್ಷ ಝೆಲೆನ್‌ಸ್ಕಿ ಭ್ರಷ್ಟಾಚಾರದ ಕಾರಣದಿಂದ ಎಲ್ಲ ಪ್ರಾಂತೀಯ ಭರ್ತಿ ಕೇಂದ್ರಗಳ ಮುಖ್ಯಸ್ಥರನ್ನು ವಜಾಮಾಡಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ, ಸರ್ಕಾರಿ ಅಭಿಯೋಜಕರೇ ಅಂಗವೈಕಲ್ಯದ ಪ್ರಮಾಣಪತ್ರಗಳನ್ನು ಪಡೆದಿದ್ದ ಹಗರಣ ಬಯಲಾಗಿ ದೇಶದ ಪ್ರಧಾನ ಅಭಿಯೋಜಕರು ಹುದ್ದೆ ತೊರೆದರು. ಹಣವಿಲ್ಲದವರಲ್ಲಿ ಕೆಲವರು ರುಮೇನಿಯಾದ ಗಡಿಯಲ್ಲಿ ಹರಿಯುವ ತೀಸಾ ನದಿಯನ್ನು ಈಜಿ ದಾಟಲು ಹೋಗಿ ಮುಳುಗಿ ಸತ್ತರು.

2. ಬೆಂಬಲದ ಅಂಕಿಗಳು ಹೇಳುವುದೇನು?

ಸೇನಾಡಳಿತ ಜಾರಿಯಲ್ಲಿರುವಾಗ ಉಕ್ರೇನಿನಲ್ಲಿ ಚುನಾವಣೆ ನಡೆಯುವಂತಿಲ್ಲ. ಆದುದರಿಂದ ಜನರ ಮನಸ್ಸನ್ನು ಅರಿಯಲು ಉಳಿದಿರುವ ಕೆಲವೇ ಮಾರ್ಗಗಳಲ್ಲಿ ಅಭಿಪ್ರಾಯ ಸಮೀಕ್ಷೆಯೂ ಒಂದು. ಗ್ಯಾಲಪ್ ಸಂಸ್ಥೆಯ ಸಮೀಕ್ಷೆಯಲ್ಲಿ, ಗೆಲ್ಲುವವರೆಗೂ ಹೋರಾಡಬೇಕು ಎಂದವರು 2022ರಲ್ಲಿ ನೂರಕ್ಕೆ 73 ಮಂದಿ. 2023ರಲ್ಲಿ ಅವರು 63 ಆದರು, 2024ರಲ್ಲಿ 38, 2025ರಲ್ಲಿ 24. ಆದಷ್ಟು ಬೇಗ ಸಂಧಾನದ ಮೂಲಕ ಯುದ್ಧ ಮುಗಿಯಲಿ ಎಂದವರು ಅದೇ ಅವಧಿಯಲ್ಲಿ 22ರಿಂದ 69ಕ್ಕೆ ಏರಿದರು. ಕೀವ್ ಅಂತರರಾಷ್ಟ್ರೀಯ ಸಮಾಜಶಾಸ್ತ್ರ ಸಂಸ್ಥೆ ಬೇರೊಂದು ಪ್ರಶ್ನೆ ಕೇಳುತ್ತ ಬಂದಿದೆ: ಶಾಂತಿಗಾಗಿ ನೆಲವನ್ನು ಬಿಟ್ಟುಕೊಡಬಹುದೇ? ಎಂತಹ ಪರಿಸ್ಥಿತಿಯಲ್ಲೂ ಕೂಡದು ಎಂದವರು 2022ರ ಮೇ ತಿಂಗಳಲ್ಲಿ 82 ಮಂದಿ. 2024ರ ಡಿಸೆಂಬರ್‌ನಲ್ಲಿ 51.

ಈ ಅಂಕಿಗಳನ್ನು ಅವಸರದಿಂದ ಓದಬಾರದು. ಸಂಧಾನ ಬೇಕೆನ್ನುವವರೆಲ್ಲ ಶರಣಾಗತಿ ಬೇಕೆನ್ನುವವರಲ್ಲ. 2024ರ ಗ್ಯಾಲಪ್ ಸಮೀಕ್ಷೆಯಲ್ಲಿ ಸಂಧಾನ ಬಯಸಿದವರ ಪೈಕಿಯೇ ಸುಮಾರು ಅರ್ಧದಷ್ಟು ಜನ ಮಾತ್ರ ಸ್ವಲ್ಪ ನೆಲವನ್ನು ಬಿಟ್ಟುಕೊಡಲು ಸಿದ್ಧರಿದ್ದರು. ರಷ್ಯಾದ ವಶದಲ್ಲಿರುವ ಪ್ರದೇಶಗಳ ಜನರನ್ನಾಗಲಿ, ವಿದೇಶಗಳಲ್ಲಿ ಆಶ್ರಯ ಪಡೆದಿರುವ ಐವತ್ತು ಲಕ್ಷಕ್ಕೂ ಹೆಚ್ಚು ಜನರನ್ನಾಗಲಿ ಇಂತಹ ಸಮೀಕ್ಷೆಗಳು ಸಾಮಾನ್ಯವಾಗಿ ತಲುಪುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದುದು, ಪ್ರಶ್ನೆಯಲ್ಲಿಯೇ ಅಡಗಿರುವ ಭೇದ. 'ನಾವು ಹೋರಾಡಬೇಕೇ?' ಎಂಬುದಕ್ಕೆ ಹೌದೆನ್ನುವ ಅರವತ್ತೈದರ ಅಜ್ಜಿಯೂ ಮೂವತ್ತರ ಬಡಗಿಯೂ ಅಂಕಿಯಲ್ಲಿ ಸಮಾನರು. ಆದರೆ ಆ 'ಹೌದು' ಬಡಗಿಯನ್ನು ಕಂದಕಕ್ಕೆ ಕರೆದೊಯ್ಯಬಲ್ಲದು. ದೇಶದ ರಕ್ಷಣೆಯನ್ನು ಮನಸಾರೆ ಬಯಸುವವನೇ ಭರ್ತಿ ಅಧಿಕಾರಿಯನ್ನು ಕಂಡು ಬೀದಿ ಬದಲಿಸುವುದುಂಟು. ಇದನ್ನು ಕಪಟವೆಂದು ಜರೆಯುವುದು ಸುಲಭ. ಆದರೆ ಇಲ್ಲಿರುವುದು ಎರಡು ಬೇರೆ ಬೇರೆ ನೈತಿಕ ತೀರ್ಮಾನಗಳು. 'ಈ ಯುದ್ಧ ನ್ಯಾಯವೇ?' ಎಂಬುದು ಮೊದಲನೆಯದು. 'ಈ ಕರೆ ನ್ಯಾಯವೇ, ಅದಕ್ಕೆ ನಾನು ಓಗೊಡಬೇಕೇ?' ಎಂಬುದು ಎರಡನೆಯದು. ಮೊದಲನೆಯದಕ್ಕೆ ದೊರೆತ ಉತ್ತರ ಎರಡನೆಯದಕ್ಕೆ ತಾನಾಗಿಯೇ ಅನ್ವಯಿಸುವುದಿಲ್ಲ.

3. ಧರ್ಮಸಭೆಯ ಬೋಧನೆಯ ಎರಡು ಹಂತಗಳು

ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲಿ ಈ ಭೇದ ಸ್ಪಷ್ಟವಾಗಿದೆ. ನಾವು ಬೋಧಿಸುವಾಗ ಅದನ್ನು ಮರೆಯುತ್ತೇವೆ. 2309ನೆಯ ಕಂಡಿಕೆ ಸಶಸ್ತ್ರ ರಕ್ಷಣೆಯ ನಿಬಂಧನೆಗಳನ್ನು ಹೇಳುತ್ತದೆ: ಆಕ್ರಮಣದ ಹಾನಿ ದೀರ್ಘವೂ ಗಂಭೀರವೂ ನಿಶ್ಚಿತವೂ ಆಗಿರಬೇಕು, ಬೇರೆಲ್ಲ ಉಪಾಯಗಳು ನಿಷ್ಫಲವಾಗಿರಬೇಕು, ಯಶಸ್ಸಿನ ನಿಜವಾದ ನಿರೀಕ್ಷೆಯಿರಬೇಕು, ನಿವಾರಿಸಬೇಕಾದ ಕೇಡಿಗಿಂತ ದೊಡ್ಡ ಕೇಡು ಯುದ್ಧದಿಂದ ಉಂಟಾಗಬಾರದು. 2310ನೆಯ ಕಂಡಿಕೆ ದೇಶರಕ್ಷಣೆಗೆ ಬೇಕಾದ ಹೊಣೆಗಳನ್ನು ಪ್ರಜೆಗಳ ಮೇಲೆ ವಿಧಿಸುವ ಹಕ್ಕೂ ಕರ್ತವ್ಯವೂ ಅಧಿಕಾರಿಗಳಿಗುಂಟು ಎನ್ನುತ್ತದೆ. ಅದರ ಬೆನ್ನಿಗೇ 2311ನೆಯ ಕಂಡಿಕೆ ಬರುತ್ತದೆ: ಅಂತಃಸಾಕ್ಷಿಯ ನಿಮಿತ್ತ ಆಯುಧ ಹಿಡಿಯಲಾರದವರಿಗೆ ನ್ಯಾಯವಾದ ಅವಕಾಶ ಕಲ್ಪಿಸಬೇಕು, ಆದರೆ ಅವರು ಬೇರೊಂದು ರೀತಿಯಲ್ಲಿ ಸಮುದಾಯಕ್ಕೆ ಸೇವೆ ಸಲ್ಲಿಸಲು ಬದ್ಧರು. 1965ರ 'ಗೌದಿಯುಂ ಎತ್ ಸ್ಪೇಸ್' ಸಂವಿಧಾನದ 79ನೆಯ ಕಂಡಿಕೆಯಲ್ಲಿ ಈ ಬೋಧನೆಯ ಬೇರು ಇದೆ. ಅದು ಆಯುಧ ಹಿಡಿಯಲಾರದವರ ಪರವಾಗಿ ಮಾತನಾಡುತ್ತದೆ. ಅಲ್ಲಿಯೇ, ತನ್ನ ಕರ್ತವ್ಯವನ್ನು ಸರಿಯಾಗಿ ನಿರ್ವಹಿಸುವ ಸೈನಿಕ ಜನರ ಸುರಕ್ಷತೆಯ ಸೇವಕನೆಂದೂ ಮನ್ನಿಸುತ್ತದೆ.

ಮೊದಲ ಹಂತದಲ್ಲಿ ಉಕ್ರೇನಿನ ಪ್ರಕರಣ ಅಸ್ಪಷ್ಟವಲ್ಲ. ಆಕ್ರಮಣ ನಡೆಸಿದವರು ಯಾರು, ಆಕ್ರಮಣಕ್ಕೊಳಗಾದವರು ಯಾರು ಎಂಬುದರಲ್ಲಿ ಸಂದೇಹವಿಲ್ಲ. ಆಕ್ರಮಣಕಾರ ಹಿಂದೆ ಸರಿದರೆ ಕಡ್ಡಾಯ ಸೇವೆಯ ಈ ಎಲ್ಲ ಸಂಕಟಗಳೂ ಅಂದೇ ಬಹುಪಾಲು ಕರಗುತ್ತವೆ. ಮೂಲ ಪಾಪದ ಭಾರವನ್ನು ಬಲಿಪಶುವಿನ ಹೆಗಲಿಗೆ ಹೊರಿಸಬಾರದು. ಜಗದ್ಗುರು ಫ್ರಾನ್ಸಿಸರು 2020ರ 'ಫ್ರಾತೆಲ್ಲಿ ತೂತ್ತಿ' ವಿಶ್ವಪತ್ರದಲ್ಲಿ, ನ್ಯಾಯಯುತ ಯುದ್ಧದ ಹಳೆಯ ಮಾನದಂಡಗಳನ್ನು ಇಂದು ಬಳಸುವುದು ಅತಿ ಕಷ್ಟವೆಂದು ಎಚ್ಚರಿಸಿದ್ದರು. ಅದೇ ಫ್ರಾನ್ಸಿಸರು 2022ರ ಸೆಪ್ಟೆಂಬರ್‌ನಲ್ಲಿ ಕಝಾಕಸ್ತಾನದಿಂದ ಮರಳುವಾಗ, ಆತ್ಮರಕ್ಷಣೆ ಧರ್ಮಸಮ್ಮತ ಮಾತ್ರವಲ್ಲ, ತಾಯ್ನಾಡಿನ ಮೇಲಿನ ಪ್ರೀತಿಯ ಅಭಿವ್ಯಕ್ತಿಯೂ ಹೌದೆಂದರು. 2024ರ ಮಾರ್ಚ್‌ನಲ್ಲಿ ಅವರು ಸಂಧಾನದ ಧೈರ್ಯದ ಬಗ್ಗೆ ಆಡಿದ 'ಬಿಳಿ ಬಾವುಟ'ದ ಮಾತು ಉಕ್ರೇನಿನ ವಿಶ್ವಾಸಿಗಳನ್ನು ಬಹಳ ನೋಯಿಸಿತು; ಶರಣಾಗತಿಯ ಅರ್ಥವೇನೆಂಬುದನ್ನು ರಷ್ಯಾದ ವಶದಲ್ಲಿದ್ದ ಪಟ್ಟಣಗಳಲ್ಲಿ ಅವರು ಕಂಡಿದ್ದರು. ಅದು ಕದನವಿರಾಮ ಮತ್ತು ಮಾತುಕತೆಯ ಕರೆಯೆಂದು ವ್ಯಾಟಿಕನ್ ಅನಂತರ ವಿವರಿಸಿತು.

ಆದರೂ ಆರಂಭದಲ್ಲಿ ನ್ಯಾಯವಾಗಿದ್ದ ಯುದ್ಧವನ್ನು ಮುಂದುವರಿಸುವ ಪ್ರತಿ ವರ್ಷವೂ ಮತ್ತೆ ತೂಗಿ ನೋಡಬೇಕು. ಯಶಸ್ಸಿನ ನಿರೀಕ್ಷೆ, ಹಾನಿಯ ಪ್ರಮಾಣ ಇವೆರಡೂ ಕಾಲದೊಡನೆ ಬದಲಾಗುತ್ತವೆ. ಆ ವಿವೇಚನೆ ಸರ್ವಹಿತದ ಹೊಣೆ ಹೊತ್ತವರದೆಂದು ಧರ್ಮೋಪದೇಶ ಗ್ರಂಥ ಹೇಳುತ್ತದೆ. ಜನಾಭಿಪ್ರಾಯಕ್ಕೆ ಇಲ್ಲೊಂದು ಸ್ಥಾನವಿದೆ. ಬಹುಮತ ಯುದ್ಧವನ್ನು ನ್ಯಾಯವನ್ನಾಗಿ ಮಾಡಲಾರದು. ಬಹುಮತ ಕುಸಿದ ಮಾತ್ರಕ್ಕೆ ರಕ್ಷಣೆ ಅನ್ಯಾಯವೂ ಆಗದು. ಆದರೆ ಹಾನಿಯನ್ನು ಮೈಮೇಲೆ ಹೊತ್ತವರ ಸಾಕ್ಷ್ಯ ಅದು. ತೂಗುವವರು ಅದನ್ನು ತಕ್ಕಡಿಯಿಂದ ಹೊರಗಿಡುವಂತಿಲ್ಲ.

ಎರಡನೆಯ ಹಂತದಲ್ಲಿ ಉಕ್ರೇನ್ ತನ್ನದೇ ಸಂವಿಧಾನದಿಂದ ಪ್ರಶ್ನೆಗೆ ಒಳಗಾಗುತ್ತದೆ. ಅದರ 35ನೆಯ ವಿಧಿಯಂತೆ, ಸೇನಾಸೇವೆ ಒಬ್ಬನ ಧಾರ್ಮಿಕ ನಂಬಿಕೆಗೆ ವಿರುದ್ಧವಾದರೆ ಅದರ ಬದಲಿಗೆ ಪರ್ಯಾಯ ಸೇವೆ ಇರಬೇಕು. ಆದರೆ ಯುದ್ಧಕಾಲದ ಜಮಾವಣೆಯಲ್ಲಿ ಪರ್ಯಾಯ ಸೇವೆಯ ಬಾಗಿಲು ಮುಚ್ಚಿದೆ. ಆಯುಧ ಹಿಡಿಯಲು ಒಪ್ಪದ ಕ್ರೈಸ್ತರು ಶಿಕ್ಷೆಗೆ ಗುರಿಯಾಗಿದ್ದಾರೆ. ಉಕ್ರೇನಿನ ರಕ್ಷಣಾಹಕ್ಕನ್ನು ಪೂರ್ಣಮನಸ್ಸಿನಿಂದ ಒಪ್ಪುವವರೂ ಇದನ್ನು ತಪ್ಪೆಂದು ಹೇಳಬಹುದು, ಹೇಳಬೇಕು. 2311ನೆಯ ಕಂಡಿಕೆಯ ಅವಕಾಶ ಅನ್ಯಾಯದ ಯುದ್ಧಕ್ಕೆ ಮಾತ್ರ ಸೀಮಿತವೆಂದು ಎಲ್ಲಿಯೂ ಬರೆದಿಲ್ಲ.

4. ಪವಿತ್ರ ಗ್ರಂಥದ ಸಾಕ್ಷ್ಯ

ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಪವಿತ್ರ ಗ್ರಂಥದಲ್ಲಿ ಎರಡು ವಾಕ್ಯಭಾಗಗಳು ಎದುರುಬದುರಾಗಿ ನಿಂತಿವೆ. ಸಂಖ್ಯಾಕಾಂಡದ 32ನೆಯ ಅಧ್ಯಾಯದಲ್ಲಿ ಗಾದ್ ಮತ್ತು ರೂಬೇನ್ ಕುಲದವರು ಜೋರ್ಡಾನಿನ ಈಚೆಯ ಹುಲ್ಲುಗಾವಲು ತಮಗೆ ಸಾಕೆಂದು ಕೇಳಿದಾಗ, ಸಹೋದರರು ಯುದ್ಧಕ್ಕೆ ಹೋಗುತ್ತಿರಲು ನೀವಿಲ್ಲಿ ಕುಳಿತಿರುವಿರಾ ಎಂದು ಮೋಶೆ ಅವರನ್ನು ಗದರಿಸುತ್ತಾನೆ. ಆ ಗದರಿಕೆ ಸಹೋದರತ್ವದ ಹೆಸರಿನಲ್ಲಿ ಬಂದುದು: ನೀನು ಹೊರದ ಭಾರವನ್ನು ಇನ್ನೊಬ್ಬ ಹೊರುತ್ತಾನೆ.

ಧರ್ಮೋಪದೇಶಕಾಂಡದ 20ನೆಯ ಅಧ್ಯಾಯದ ಮಾತು ಬೇರೆ. ಯುದ್ಧಕ್ಕೆ ಹೊರಟ ಜನರ ಮುಂದೆ ಅಧಿಕಾರಿಗಳು ನಿಂತು ಕೇಳಬೇಕು: ಹೊಸ ಮನೆ ಕಟ್ಟಿ ಪ್ರವೇಶಿಸದವನು ಇದ್ದಾನೆಯೇ? ದ್ರಾಕ್ಷಿತೋಟ ನೆಟ್ಟು ಫಲ ಕಾಣದವನು? ಮದುವೆ ನಿಶ್ಚಯವಾಗಿ ಇನ್ನೂ ಮದುವೆಯಾಗದವನು? ಅವರೆಲ್ಲ ಮನೆಗೆ ಹಿಂದಿರುಗಲಿ. ಕೊನೆಯದಾಗಿ, ಹೆದರಿದವನು, ಎದೆ ಕುಂದಿದವನು ಇದ್ದರೆ ಅವನೂ ಹಿಂದಿರುಗಲಿ. ಜೊತೆಯವರ ಎದೆಯೂ ಕುಂದಬಾರದೆಂಬ ಲೌಕಿಕ ಕಾರಣವನ್ನು ಆ ಗ್ರಂಥ ಮುಚ್ಚಿಡುವುದಿಲ್ಲ. ಆದರೂ ಭಯಗ್ರಸ್ತನಿಗೆ ದಂಡನೆಯಿಲ್ಲ, ಶಾಪವಿಲ್ಲ. ಮನೆಯ ದಾರಿ ತೋರಿಸಲಾಗುತ್ತದೆ. ದೇವರ ಹೆಸರಿನಲ್ಲಿ ನಡೆಯುವ ಯುದ್ಧದಲ್ಲಿಯೂ ಮನುಷ್ಯನ ಮನೆ, ತೋಟ, ಮದುವೆಗಳು ಲೆಕ್ಕಕ್ಕೆ ಬರುತ್ತವೆ.

ಈ ಎರಡರ ನಡುವೆ ಸೇತುವೆಯಂತಿರುವುದು ಸಮುವೇಲನ ಮೊದಲನೆಯ ಗ್ರಂಥದ 30ನೆಯ ಅಧ್ಯಾಯ. ದಣಿದು ಹಿಂದುಳಿದು ಸಾಮಾನು ಕಾದವರಿಗೆ ಕೊಳ್ಳೆಯಲ್ಲಿ ಪಾಲು ಬೇಡವೆಂದು ಕೆಲವರು ಹೇಳಿದಾಗ ದಾವೀದನು ಒಪ್ಪಲಿಲ್ಲ. ಕಾದಾಡಿದವನಿಗೂ ಸಾಮಾನು ಕಾದವನಿಗೂ ಸಮಪಾಲೆಂದು ಕಟ್ಟಳೆ ಮಾಡಿದನು. ಪರ್ಯಾಯ ಸೇವೆ ಹೇಡಿಗಳ ಆಶ್ರಯವಲ್ಲ, ಭಾರ ಹೊರುವ ಇನ್ನೊಂದು ರೀತಿ ಎಂಬುದಕ್ಕೆ ಇದಕ್ಕಿಂತ ಹಳೆಯ ಆಧಾರವನ್ನು ನಾನು ಕಂಡಿಲ್ಲ.

5. ಪವಿತ್ರಯುದ್ಧವೆಂಬ ಪ್ರಲೋಭನೆ

ಯುದ್ಧಕಾಲದಲ್ಲಿ ಧರ್ಮಸಭೆಗೆ ಎದುರಾಗುವ ದೊಡ್ಡ ಪ್ರಲೋಭನೆ ರಾಜ್ಯದ ಕರೆಗೆ ದೇವರ ಮುದ್ರೆ ಒತ್ತುವುದು. ರಷ್ಯಾ 2022ರ ಸೆಪ್ಟೆಂಬರ್ 21ರಂದು ಭಾಗಶಃ ಜಮಾವಣೆ ಘೋಷಿಸಿತು. ನಾಲ್ಕು ದಿನಗಳ ಬಳಿಕ ಮಾಸ್ಕೋದ ಕುಲಪತಿ ಕಿರಿಲ್ ಅವರು, ಸೇನಾ ಕರ್ತವ್ಯದಲ್ಲಿ ಸಾಯುವವನ ಪಾಪಗಳೆಲ್ಲ ತೊಳೆದುಹೋಗುತ್ತವೆಂದು ಪ್ರಬೋಧಿಸಿದರು. 2024ರ ಮಾರ್ಚ್‌ನಲ್ಲಿ ಅವರ ನೇತೃತ್ವದ ವಿಶ್ವ ರಷ್ಯನ್ ಜನಪರಿಷತ್ತು ಇದನ್ನು ಪವಿತ್ರಯುದ್ಧವೆಂದು ಕರೆಯಿತು. ಅನ್ಯಾಯದ ಯುದ್ಧಕ್ಕೆ ಹೀಗೆ ಕರೆಯಲ್ಪಟ್ಟವನ ಮಾರ್ಗವನ್ನು ಪುನೀತ ಫ್ರಾಂಜ್ ಯೇಗರ್‌ಸ್ಟೆಟರ್ ತೋರಿಸಿದ್ದಾರೆ. ಹಿಟ್ಲರನ ಸೇನೆಯಲ್ಲಿ ಹೋರಾಡಲು ಒಪ್ಪದ ಆ ಆಸ್ಟ್ರಿಯಾದ ರೈತನಿಗೆ, ನಿನ್ನ ಕುಟುಂಬವನ್ನು ನೆನೆದುಕೋ ಎಂದು ಧರ್ಮಾಧ್ಯಕ್ಷರೇ ಬುದ್ಧಿ ಹೇಳಿದ್ದರು. 1943ರ ಆಗಸ್ಟ್ 9ರಂದು ಅವರ ಶಿರಚ್ಛೇದವಾಯಿತು. 2007ರಲ್ಲಿ ಧರ್ಮಸಭೆ ಅವರನ್ನು ಪುನೀತರೆಂದು ಘೋಷಿಸಿತು. ಯುದ್ಧ ಅನ್ಯಾಯವೆಂದು ಮನಗಂಡ ಪ್ರಜೆ ರಾಜಾಜ್ಞೆಯಿದ್ದರೂ ಹೋರಾಡಕೂಡದೆಂದು ಫ್ರಾನ್ಸಿಸ್ಕೊ ದೆ ವಿತೋರಿಯ ಸಲಮಾಂಕದಲ್ಲಿ 1539ರಲ್ಲಿಯೇ ಬೋಧಿಸಿದ್ದರು.

ನ್ಯಾಯದ ಪಕ್ಷದಲ್ಲಿರುವ ಧರ್ಮಸಭೆಗೂ ಈ ಪ್ರಲೋಭನೆ ತಪ್ಪಿದ್ದಲ್ಲ. ತನ್ನ ಪಕ್ಷ ನ್ಯಾಯವಾದುದರಿಂದಲೇ ಅದು ಹೆಚ್ಚು ಎಚ್ಚರವಾಗಿರಬೇಕು. ಉಕ್ರೇನಿನ ಗ್ರೀಕ್ ಕಥೋಲಿಕ ಧರ್ಮಸಭೆಗೆ ಇದರಲ್ಲಿ ಒಳ್ಳೆಯ ಪರಂಪರೆಯಿದೆ. 1942ರ ನವೆಂಬರ್‌ನಲ್ಲಿ, ನಾಜಿ ಆಡಳಿತದ ಅಡಿಯಲ್ಲಿ, ಲ್ವಿವ್‌ನ ಮಹಾಧರ್ಮಾಧ್ಯಕ್ಷ ಆಂದ್ರೆಯ್ ಶೆಪ್ತಿತ್ಸ್ಕಿಯವರು ಕೊಲ್ಲಬೇಡವೆಂಬ ಆಜ್ಞೆಯ ಕುರಿತು ಪಾಲನಾ ಪತ್ರ ಬರೆದರು. ದೇಶಪ್ರೇಮದ ಹೆಸರಿನಲ್ಲಿ ಕೊಲೆಗೆ ಇಳಿದ ಸ್ವಜನರನ್ನೂ ಆ ಪತ್ರ ಬಿಡಲಿಲ್ಲ.

6. ವಿನಾಯಿತಿ ಪಡೆದವರ ಮಾತು

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ಮೊದಲು ನಾವು ಯಾರೆಂಬುದನ್ನು ನೆನೆಯಬೇಕು. ಧರ್ಮಸಭೆಯ ಕಾನೂನು ಸಂಹಿತೆಯ 289ನೆಯ ವಿಧಿಯಂತೆ ಸೇನಾಸೇವೆ ಗುರುಜೀವನಕ್ಕೆ ಹೊಂದುವುದಿಲ್ಲ. ಗುರುಗಳೂ ಗುರುಅಭ್ಯರ್ಥಿಗಳೂ ತಮ್ಮ ಧರ್ಮಾಧಿಕಾರಿಯ ಅನುಮತಿಯಿಲ್ಲದೆ ಸೇನೆಗೆ ಸೇರಕೂಡದು, ನಾಗರಿಕ ಕಾನೂನು ನೀಡುವ ವಿನಾಯಿತಿಗಳನ್ನು ಬಳಸಿಕೊಳ್ಳಬೇಕು. ಹಾಗಾದರೆ ಅಂತಹ ದೇಶದಲ್ಲಿ ನಾವು ಯುವಕನಿಗೆ ಹೋಗು ಎಂದರೂ ಹೋಗಬೇಡ ಎಂದರೂ ಅದು ಹೋಗಬೇಕಿಲ್ಲದವರ ಮಾತು. ಈ ಅರಿವು ನಮ್ಮ ಬಾಯಿ ಕಟ್ಟಬೇಕಿಲ್ಲ. ನಮ್ಮ ದನಿಯನ್ನು ತಗ್ಗಿಸಿದರೆ ಸಾಕು.

ಪಾಪನಿವೇದನೆಗೆ ಬಂದವನು ಹಣ ಕೊಟ್ಟು ಸುಳ್ಳು ಪತ್ರ ಕೊಂಡವನಾದರೆ, ಅಥವಾ ಅದನ್ನು ಮಾರಿದ ಅಧಿಕಾರಿಯಾದರೆ, ಉತ್ತರ ಕಷ್ಟವಲ್ಲ. ಅವನ ಬದಲಿಗೆ ಹಣವಿಲ್ಲದ ಇನ್ನೊಬ್ಬ ಹೋಗಿದ್ದಾನೆ. ಇದು ಸಹೋದರನಿಗೆ ಮಾಡಿದ ಅನ್ಯಾಯ, ಸಾಧ್ಯವಾದಷ್ಟು ಪರಿಹಾರ ಬೇಡುವಂತಹುದು. ಅವನು ಅಂತಃಸಾಕ್ಷಿಯಿಂದ ಕೊಲ್ಲಲಾರದವನಾದರೆ, ಅವನ ನಿರಾಕರಣೆಯನ್ನು ಧರ್ಮಸಭೆ ಗೌರವಿಸುತ್ತದೆ. ಗಾಯಾಳುಗಳ ಶುಶ್ರೂಷೆಯಲ್ಲೋ ನಿರಾಶ್ರಿತರ ಸೇವೆಯಲ್ಲೋ ತನ್ನ ಪಾಲಿನ ಭಾರವನ್ನು ಹೊರಲು ಅವನನ್ನು ಕೇಳುತ್ತದೆ. ಅವನು ಕೇವಲ ಹೆದರಿದವನಾದರೆ, ಭಯ ಪಾಪವಲ್ಲವೆಂದು ಮೊದಲು ಹೇಳಬೇಕು. ಗೆತ್ಸೆಮನೆಯಲ್ಲಿ ಯೇಸುಸ್ವಾಮಿಯೇ ಮರಣವೇದನೆಯಿಂದ ಬೆವರಿದರು. ಬಳಿಕ ಸಂಖ್ಯಾಕಾಂಡದ ಪ್ರಶ್ನೆಯನ್ನು ಅವನ ಮುಂದಿಟ್ಟು, ಅವನು ತನ್ನ ಉತ್ತರವನ್ನು ದೇವರ ಮುಂದೆ ಕಂಡುಕೊಳ್ಳುವವರೆಗೆ ಅವನೊಡನೆ ಕುಳಿತಿರಬೇಕು. ಪಾಪನಿವೇದನೆಯ ಪೀಠ ಭರ್ತಿ ಕೇಂದ್ರವೂ ಅಲ್ಲ, ವಿನಾಯಿತಿ ಪತ್ರ ಬರೆದುಕೊಡುವ ಕಚೇರಿಯೂ ಅಲ್ಲ. ಅವನು ರಣರಂಗದಿಂದ ಬಂದ ಸೈನಿಕನಾದರೆ, ಅವನು ಕೊಲೆಗಾರನಲ್ಲವೆಂದು ಹೇಳುವುದರೊಡನೆ, ಶರಣಾದವನನ್ನು ಕೊಲ್ಲದಿರುವ, ದ್ವೇಷಕ್ಕೆ ಮನಸ್ಸು ಕೊಡದಿರುವ ಕರ್ತವ್ಯವನ್ನೂ ನೆನಪಿಸಬೇಕು.

ಗುರುವಿನ ಕೆಲಸ ಪಾಪನಿವೇದನೆಯ ಪೀಠದಲ್ಲಿಯೇ ಮುಗಿಯುವುದಿಲ್ಲ. ಭಾರವನ್ನು ಸಮನಾಗಿ ಹಂಚಿ, ದಣಿದವರಿಗೆ ಮನೆಗೆ ಮರಳುವ ದಿನವನ್ನು ಹೇಳಿ, ಬೀದಿಯಲ್ಲಿ ಮನುಷ್ಯರನ್ನು ಬೇಟೆಯಾಡಬೇಡಿ ಎಂದು ಕರೆಯುವವರಿಗೂ ಹೇಳಬೇಕು. ನ್ಯಾಯವಾದ ಯುದ್ಧಕ್ಕೆ ನ್ಯಾಯವಾದ ಕರೆ ಬೇಕು. ಕರೆಯಲ್ಲಿ ನ್ಯಾಯ ಕೆಟ್ಟರೆ ಬೆಂಬಲ ಕುಸಿಯುತ್ತದೆ. ಹಾಗೆ ಕುಸಿದಾಗ ಜನರನ್ನು ಹೇಡಿಗಳೆಂದು ಜರೆಯುವ ಮೊದಲು, ಅವರ ಹೆಗಲ ಮೇಲೆ ಹೇರಿದುದೇನೆಂದು ನೋಡಬೇಕು.

ಆ ಗುರುಅಭ್ಯರ್ಥಿಯ ತರಗತಿಯಲ್ಲಿ ನಾನು ನಿಬಂಧನೆಗಳ ಪಟ್ಟಿಯನ್ನು ಓದಿದೆ. ಇನ್ನು ಮುಂದೆಯೂ ಓದುತ್ತೇನೆ, ಅದು ಬೇಕು. ಆದರೆ ಪಟ್ಟಿ ಮುಗಿದ ಮೇಲೆ ಪುಸ್ತಕ ಮುಚ್ಚದೆ ಧರ್ಮೋಪದೇಶಕಾಂಡದ 20ನೆಯ ಅಧ್ಯಾಯವನ್ನು ತೆರೆದು, ಅಧಿಕಾರಿಗಳು ಕೇಳಬೇಕಾದ ಆ ನಾಲ್ಕು ಪ್ರಶ್ನೆಗಳನ್ನು ವಿದ್ಯಾರ್ಥಿಗಳಿಂದ ಗಟ್ಟಿಯಾಗಿ ಓದಿಸುತ್ತೇನೆ.